ಸಿಮೆಂಟು ಮಾತಾಡುವುದಿಲ್ಲ

ಮಾರ್ಚ್ 3, ಸೋಮವಾರ

ಇವತ್ತು ಹದಿನೆಂಟು. ಒಟ್ಟು ಎಂಬತ್ನಾಲ್ಕಾಯಿತು. ತಿರುವಿನಲ್ಲಿ ಹಳಿಗಳ ಅಡಿಗೆ ಹಾಸಿದ ಮರದ ಸ್ಲೀಪರುಗಳೆಲ್ಲ ಹೋಗಿ ಸಿಮೆಂಟಿನವು ಬರಬೇಕು, ನೂರಾ ಇಪ್ಪತ್ತು. ಇನ್ನೆರಡು ದಿನದ ಕೆಲಸ.

ಬ್ಲಾಕ್ ಸಿಕ್ಕಿದ್ದು ಏಳರಿಂದ ಹತ್ತು. ಅಷ್ಟು ಹೊತ್ತು ನಮ್ಮ ಲೈನಿನಲ್ಲಿ ರೈಲಿಲ್ಲ. ಪಕ್ಕದ ಲೈನಿನಲ್ಲಿ ಓಡಾಟ ಇದ್ದೇ ಇರುತ್ತದೆ, ಅದಕ್ಕೆ ನಮ್ಮ 'ಕಂಬ' ಸೀಟಿ ಹಿಡಿದು ಕಾವಲಿಗೆ ನಿಲ್ಲುತ್ತಾನೆ. ಆರೂಕಾಲು ಅಡಿ ಎತ್ತರದವನಿಗೆ ಗ್ಯಾಂಗಿನವರು ಇಟ್ಟ ಹೆಸರು. ಹೆತ್ತವರು ಇಟ್ಟದ್ದು ಅವನಿಗೇ ಮರೆತಿರಬೇಕು.

ಹೊಸಬನೊಬ್ಬ ಒಂದು ಸ್ಲೀಪರ್ ಎಳೆದು, ಹೇಗಿದ್ದರೂ ಹಾರೆ ಕೈಯಲ್ಲೇ ಇದೆಯಲ್ಲ ಎಂದು ಪಕ್ಕದ್ದಕ್ಕೂ ಕೈ ಹಾಕಿದ. ಬೈದೆ. ಒಂದನ್ನು ತೆಗೆದರೆ ಅದರ ಜಾಗಕ್ಕೆ ಹೊಸದು ಬಂದು, ರಬ್ಬರ್ ಪ್ಯಾಡ್ ಕೂತು, ಹಳಿ ಹಿಡಿಯುವ ಕ್ಲಿಪ್ ಬಿದ್ದು, ಅಡಿಯ ಜಲ್ಲಿ ಗಟ್ಟಿಯಾಗುವ ತನಕ ಅಕ್ಕಪಕ್ಕದ್ದನ್ನು ಮುಟ್ಟುವಂತಿಲ್ಲ. ಜಲ್ಲಿ ಗಟ್ಟಿ ಮಾಡುವುದು ಎರಡು ಹಳಿಗಳ ಕೆಳಗೆ ಮಾತ್ರ. ನಡುವೆ ತುಂಬಿದರೆ ಸಿಮೆಂಟಿನ ಬೆನ್ನೇ ಮುರಿಯುತ್ತದೆ.

ಆಮೇಲೆ ನನ್ನ ಕೆಲಸ. ಸುತ್ತಿಗೆಯಿಂದ ಒಂದೊಂದನ್ನೂ ತಟ್ಟಿ, ಗಟ್ಟಿಯಾಗಿ ಕೂತಿದ್ದರೆ ಸೀಮೆಸುಣ್ಣದ ಗೀಟು. ನನ್ನ ಗೀಟು ಬೀಳದೆ ಗ್ಯಾಂಗು ಚಹಾಕ್ಕೆ ಕೂರುವುದಿಲ್ಲ. ಇಪ್ಪತ್ತಾರು ವರ್ಷದ ರೂಢಿ. 'ಕಿವಿ ಮೇಸ್ತ್ರಿ' ಅಂತ ಕರೆಯುತ್ತಾರೆ, ನನ್ನ ಎದುರಿಗೇ.

ಒಂದು ವಿಚಾರ ಮಾತ್ರ ತಲೆಗೆ ಹುಳ ಬಿಟ್ಟಿದೆ. ಮರದ್ದನ್ನು ತಟ್ಟಿದರೆ ಅಡಿಯಲ್ಲಿ ಟೊಳ್ಳಿದೆಯೋ ಇಲ್ಲವೋ ತಾನೇ ಹೇಳುತ್ತಿತ್ತು. ಸಿಮೆಂಟು ಎಲ್ಲದಕ್ಕೂ ಒಂದೇ ದನಿ. ಯಾಕಿರಬಹುದು?

ಮಾರ್ಚ್ 4, ಸಂಜೆ

ಪರೀಕ್ಷೆ ಮಾಡಿದೆ. ಯಾರ್ಡಿನಲ್ಲಿ ಮಿಕ್ಕಿದ್ದ ಒಂದು ಸಿಮೆಂಟ್ ಸ್ಲೀಪರನ್ನು ಎಂಟು ಜನ ಸೇರಿ ಇಕ್ಕಳದಲ್ಲಿ ಎತ್ತಿ ಎರಡು ಕಲ್ಲಿನ ಮೇಲೆ ಇಟ್ಟೆವು. ಅಡಿಯೆಲ್ಲ ಖಾಲಿ. ತಟ್ಟಿದೆ. ಆಮೇಲೆ ಜಲ್ಲಿಯ ಮೇಲೆ ಗಟ್ಟಿಯಾಗಿ ಕೂರಿಸಿ ತಟ್ಟಿದೆ. ವ್ಯತ್ಯಾಸವೇ ಇಲ್ಲ! ಸಿಮೆಂಟಿಗೆ ಮಾತೇ ಬರುವುದಿಲ್ಲ ಎಂದು ತೀರ್ಮಾನ ಮಾಡಿದೆ.

ಕಂಬ ಹುಬ್ಬೇರಿಸಿದ. "ಏನಣ್ಣ ಹೀಗಂತೀಯ? ಕಲ್ಲಿನ ಮೇಲಿದ್ದಾಗ ಹೊಟ್ಟೆಗಿಲ್ಲದೋನ ಥರ ಕೂಗ್ತಲ್ಲ ಅದು."

"ನಿನಗೆ ಯಾವಾಗ್ಲೂ ಊಟದ್ದೇ ಚಿಂತೆ" ಅಂದೆ. ಎಲ್ಲರೂ ನಕ್ಕರು.

ಮನೆಗೆ ಬಂದರೆ ಹೆಂಡತಿಯ ಮುಖ ಗಡಿಗೆಯಷ್ಟಾಗಿದೆ. ಅವಳ ತಂಗಿ ನಿನ್ನೆ ಮಧ್ಯಾಹ್ನ ಇವಳಿಲ್ಲದಾಗ ಬಂದು ಬೆಲ್ ಒತ್ತಿ ಒತ್ತಿ ವಾಪಸು ಹೋದಳಂತೆ. ನಾನು ಮನೆಯಲ್ಲೇ ಇದ್ದೆ, ಎಚ್ಚರವಾಗಿಯೇ ಇದ್ದೆ. ಬೆಲ್ ಕೆಟ್ಟಿರಬೇಕು. ಬಿಚ್ಚಿ ಹೊಸ ಬ್ಯಾಟರಿ ಹಾಕಿದೆ.

ಮಾರ್ಚ್ 5, ಬುಧವಾರ

ಮುಗಿಯಿತು. ನೂರಾ ಇಪ್ಪತ್ತು. ನೂರಾ ಇಪ್ಪತ್ತು ಗೀಟು, ಹಳಿಗಳ ನಡುವಿನ ಅಳತೆ ಎಲ್ಲ ಕಡೆ ಸರಿ. ಎಂಜಿನಿಯರ್ ಮೇಡಂ ಬಂದಿದ್ದರು. ಕಡಿಮೆ ಮಾತಿನ ಹೆಂಗಸು, ಬೂಟಿಗೆ ಮಣ್ಣು ಹತ್ತುವ ತನಕ ನಡೆಯುತ್ತಾರೆ. ಅದಕ್ಕೇ ಅವರನ್ನು ಕಂಡರೆ ಗೌರವ.

"ಹತ್ತು ದಿನ ಇಪ್ಪತ್ತರ ಸ್ಪೀಡಲ್ಲೇ ಓಡಲಿ. ಹದಿನೈದಕ್ಕೆ ನೀವು ಇನ್ನೊಂದ್ಸಲ ತಟ್ಟಿ ಗಟ್ಟಿ ಅಂದ್ರೆ ನಿಧಾನದ ಬೋರ್ಡ್ ತೆಗೆಸ್ತೀನಿ. ಆಮೇಲೆ ನೂರರಲ್ಲಿ ಹೋಗುತ್ತೆ" ಅಂದರು.

'ನೀವು ಗಟ್ಟಿ ಅಂದ್ರೆ' ಅಂದರಲ್ಲ. ಕೋಡು ಮೂಡಿತು ಅಂತ ಬರೆಯಲೇ? ಮೂಡಿತು.

ಮಾರ್ಚ್ 8

ಬೆಲ್ ಮತ್ತೆ ಕೆಟ್ಟಿದೆ. ಪೂರ್ತಿ ಬಿಚ್ಚಿ, ವೈರು, ಬಟನ್ನು, ಸ್ಪೀಕರು ಒಂದೊಂದಾಗಿ ನೋಡಿದೆ. ಎಲ್ಲ ಚೆನ್ನಾಗಿದೆ, ದನಿ ಮಾತ್ರ ಇಲ್ಲ. ಅಲಾರಂ ಗಡಿಯಾರಕ್ಕೂ ಇದೇ ರೋಗ, ನನ್ನ ಫೋನಿಗೂ. ಒಂದೇ ತಿಂಗಳಲ್ಲಿ ಮೂರು ಸಾಮಾನು ಕೈಕೊಡುವುದು ವಿಚಿತ್ರ. ಗೋಡೆಯಲ್ಲಿ ತೇವ ಇದೆಯೇ? ರೈಲಿನ ನಡುಕಕ್ಕೆ ಒಳಗಿನ ತಂತಿ ಸಡಿಲವಾಗುತ್ತದೆಯೇ? ತಿರುವು ಮನೆಯ ಹಿಂದೆಯೇ ಅಲ್ಲವೇ. ನೋಡಬೇಕು.

ಇವಳು ಬಾಗಿಲಿಗೆ ಒರಗಿ ನಾನು ಬಿಚ್ಚುವುದನ್ನೇ ನೋಡುತ್ತಿದ್ದಳು. ಆಮೇಲೆ ಒಳಗೆ ಹೋದಳು.

ಮಾರ್ಚ್ 11, ಮಂಗಳವಾರ, ಸಂಜೆ ಐದು

ಆದದ್ದನ್ನು ಬರೆದುಬಿಡುತ್ತೇನೆ.

ಬಿಸಿಲಿಗೆ ಹಳಿ ಎಷ್ಟು ಕಾದಿದೆ ಎಂದು ನೋಡಲು ಎರಡು ಲೈನಿನ ನಡುವೆ ಬಗ್ಗಿದ್ದೆ. ಹಳಿ ಹೆಚ್ಚು ಕಾದರೆ ಜಲ್ಲಿ ಕೆದಕಬಾರದು, ಸೊಟ್ಟಗೆ ತಿರುಗಿಬಿಡುತ್ತದೆ. ಥರ್ಮಾಮೀಟರಿನ ಮುಳ್ಳು ನೋಡುತ್ತಿದ್ದವನನ್ನು ಯಾರೋ ಕಾಲರ್ ಹಿಡಿದು ಹಿಂದಕ್ಕೆ ಎಳೆದರು. ಅಂಗಿ ಹರಿಯಿತು. ಜಲ್ಲಿಯ ಮೇಲೆ ಬಿದ್ದೆ. ಪಕ್ಕದ ಲೈನಿನಲ್ಲಿ ಗೂಡ್ಸು ಹೋಯಿತು. ನನ್ನ ಟೋಪಿ ಅದರ ಗಾಳಿಗೆ ಹಾರಿತು.

ಎಳೆದವನು ಕಂಬ. ಮುಖ ಬೆಳ್ಳಗಾಗಿತ್ತು. "ಮೂರು ಸಲ ಊದಿದೆ ಅಣ್ಣ! ಎಲ್ರೂ ಆಚೆ ಹೋದ್ರು. ನೀನೊಬ್ಬ..."

"ಊದಿದ್ಯಾ? ಆ ಸೀಟಿ ಊದಿದ್ರೂ ಒಂದೇ ಬಿಟ್ರೂ ಒಂದೇ! ಕೆಟ್ಟ ಸೀಟಿ ಇಟ್ಕೊಂಡು ಜನರ ಪ್ರಾಣ ತೆಗೀತೀಯಾ?"

ಎಲ್ಲರೆದುರು ಬಾಯಿಗೆ ಬಂದದ್ದೆಲ್ಲ ಅಂದೆ. ಸೀಟಿ ಕಿತ್ತುಕೊಂಡು ಬಂದಿದ್ದೇನೆ. ರಿಪೇರಿ ಮಾಡಲು.

ಅದೇ ದಿನ, ಆರೂವರೆ

ಸೀಟಿಯನ್ನು ತೊಳೆದೆ. ಒಳಗಿನ ಗುಂಡು ಸರಾಗವಾಗಿ ಉರುಳುತ್ತಿದೆ. ಅಡುಗೆಮನೆಯ ಮೇಜಿನ ಮುಂದೆ ಕೂತು ಎದೆ ತುಂಬ ಉಸಿರೆಳೆದು ಊದಿದೆ. ನನ್ನ ಉಸಿರು ಹೋದದ್ದು ಗೊತ್ತಾಯಿತು, ಅಷ್ಟೆ. ಬುಸ್ ಎಂದಿತು.

ಇವಳ ಕೈಯಿಂದ ತಟ್ಟೆ ಬಿತ್ತು. ಎರಡೂ ಕಿವಿ ಮುಚ್ಚಿಕೊಂಡು ನಿಂತಿದ್ದಳು.

ಇನ್ನೊಂದು ಸಲ ಊದಿದೆ, ಅವಳ ಮುಖ ನೋಡುತ್ತಾ. ಅವಳು ಕಿವಿಯಿಂದ ಕೈ ತೆಗೆಯಲಿಲ್ಲ. ಕಣ್ಣಲ್ಲಿ ನೀರು.

ಬೆಲ್ ಕೆಟ್ಟಿಲ್ಲ. ಗಡಿಯಾರ ಕೆಟ್ಟಿಲ್ಲ. ಫೋನು ಕೆಟ್ಟಿಲ್ಲ.

ಮೇಜಿನ ಮೇಲೆ ಸೀಟಿ ಇಟ್ಟೆ. "ಯಾವಾಗಿಂದ ಗೊತ್ತು ನಿನಗೆ?" ಎಂದು ಕೇಳಿದೆ.

ಬಲಗಡೆಗೆ ಬಂದು ಕೂತಳು. "ಆರು ತಿಂಗಳಿಂದ ಈ ಕಡೆನೇ ಕೂತು ಮಾತಾಡ್ತಿದ್ದೀನಿ, ಗಮನಿಸಿಲ್ವಾ? ಆ ಕಡೆ ಕೂತ್ರೆ ನೀವು ಬರೀ ತಲೆ ಆಡಿಸ್ತೀರ."

"ಹೇಳಬಾರದಿತ್ತಾ?"

"ಹೇಳಿದ್ರೆ ನೀವು ನನ್ನನ್ನೂ ಬಿಚ್ಚಿ ಬ್ಯಾಟರಿ ಹಾಕ್ತಿದ್ರಿ."

ನಗು ಬಂತು. ಇಬ್ಬರಿಗೂ ಬಂತು. ಆಮೇಲೆ ನೂರಾ ಇಪ್ಪತ್ತು ಗೀಟು ನೆನಪಾಯಿತು.

ಮಾರ್ಚ್ 12

ಬೆಳಿಗ್ಗೆ ಕಂಬನ ಕೈಗೆ ಸೀಟಿ ಕೊಟ್ಟೆ. "ಸೀಟಿ ಸರಿ ಇದೆ. ನಾನೇ ಸರಿ ಇಲ್ಲ. ನಿನ್ನೆ ಅಂದಿದ್ದು ಮನಸ್ಸಿಗೆ ಹಚ್ಚಿಕೊಳ್ಳಬೇಡ" ಅಂದೆ. ಅವನು ಹರಿದ ಅಂಗಿಯನ್ನು ಹೊಲಿಸಿಕೊಡುತ್ತೇನೆ ಅಂದ. ಬೇಡ ಅಂದೆ.

ಗೀಟುಗಳನ್ನು ಹೇಗೆ ನಂಬುವುದು? ಕಿವಿ ಇಲ್ಲದೆ ಟೊಳ್ಳು ಕಂಡುಹಿಡಿಯಬಹುದೇ? ದಿನವಿಡೀ ಇದೇ ಯೋಚನೆ. ಟೊಳ್ಳಿದ್ದರೆ ರೈಲು ಹೋಗುವಾಗ ಸ್ಲೀಪರ್ ಕುಸಿದು ಮತ್ತೆ ಏಳಬೇಕು. ಏಳುವುದು ಕಣ್ಣಿಗೆ ಕಾಣಬೇಕಲ್ಲ?

ಬ್ಲಾಕಿನ ಹೊತ್ತಿನಲ್ಲಿ, ಕಂಬನನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡು, ಪ್ರತಿ ಸ್ಲೀಪರಿನ ತುದಿಯ ಪಕ್ಕ ಜಲ್ಲಿಯಲ್ಲಿ ಒಂದೊಂದು ಕಡ್ಡಿ ನೆಟ್ಟೆ. ಕಡ್ಡಿಯ ಬುಡಕ್ಕೆ ಒದ್ದೆ ಸುಣ್ಣ ಬಳಿದು, ಸಿಮೆಂಟಿಗೆ ತಾಗಿಸಿ ಬಿಟ್ಟೆ. ಸ್ಲೀಪರ್ ಅಲುಗಾಡದಿದ್ದರೆ ಸುಣ್ಣ ಚುಕ್ಕೆಯಾಗಿ ಅಂಟುತ್ತದೆ, ಅಲುಗಾಡಿದರೆ ಉದ್ದಕ್ಕೆ ಎಳೆಯುತ್ತದೆ. ಬ್ಲಾಕ್ ಮುಗಿದ ಮೇಲೆ ಮೂರು ರೈಲು ನಿಧಾನಕ್ಕೆ ಹೋದವು.

ಎಲ್ಲ ಚುಕ್ಕೆ. ಎಪ್ಪತ್ತೊಂದರಲ್ಲಿ ಗೆರೆ. ಎಪ್ಪತ್ತೆರಡರಲ್ಲಿ ಗೆರೆ. ಉಗುರಿನಷ್ಟು ಉದ್ದ. ಅಕ್ಕಪಕ್ಕದ್ದು ಎರಡೂ. ಎರಡಕ್ಕೂ ನನ್ನ ಗೀಟು.

ನೂರರ ವೇಗದಲ್ಲಿ, ತಿರುವಿನಲ್ಲಿ, ಅದರ ಮೇಲೆ ರೈಲು.

ಮಾರ್ಚ್ 13

ಎರಡು ದಾರಿ ಇದೆ. ಎರಡನ್ನೂ ಬರೆದು ನೋಡುತ್ತೇನೆ.

ಒಂದು: ಎಪ್ಪತ್ತೊಂದು, ಎಪ್ಪತ್ತೆರಡನ್ನು ನಾಳೆ ಸದ್ದಿಲ್ಲದೆ ಸರಿ ಮಾಡಿಸುವುದು. ಕಡ್ಡಿ, ಸುಣ್ಣ ಕಿವಿಗಿಂತ ಮೇಲು. ರಿಟೈರ್ ಆಗುವ ತನಕ ಇನ್ನು ಮೂರು ವರ್ಷ ಅದರಲ್ಲೇ ದೂಡಬಹುದು. ಯಾರಿಗೂ ಗೊತ್ತಾಗುವುದಿಲ್ಲ.

ಆದರೆ ಕಡ್ಡಿಗೆ ಸೀಟಿ ಕೇಳಿಸುವುದಿಲ್ಲ. ಮುಂದಿನ ಸಲ ನನ್ನನ್ನು ಎಳೆಯಲು ಬಂದವನೂ ನನ್ನ ಜೊತೆ ಹೋದರೆ?

ಎರಡನೆಯದನ್ನು ಬರೆಯುವ ಅಗತ್ಯವಿಲ್ಲ. ಭಯವಾಗುತ್ತಿದೆ ಎನ್ನುವುದನ್ನು ಮಾತ್ರ ಬರೆಯುತ್ತೇನೆ. ಸುತ್ತಿಗೆ ಇಲ್ಲದ ಕಿವಿ ಮೇಸ್ತ್ರಿ ಯಾರು? ಇವಳು ಬಲಗಡೆ ಕೂತು ಬಟ್ಟೆ ಮಡಚುತ್ತಿದ್ದಾಳೆ. ಕೇಳಿದ್ದಕ್ಕೆ "ಹೋಗಿ ಹೇಳಿ ಬನ್ನಿ" ಅಂದಳು, ತಲೆ ಎತ್ತದೆ.

ಮಾರ್ಚ್ 14, ಶುಕ್ರವಾರ

ಹೇಳಿದೆ. ಮೇಡಂ ಕುರ್ಚಿಯಿಂದ ಎದ್ದರು. ಬೈಯುತ್ತಾರೆ ಅಂದುಕೊಂಡಿದ್ದೆ. ಮೇಜು ಸುತ್ತಿ ನನ್ನ ಬಲಗಡೆಗೆ ಬಂದು ನಿಂತು ಮಾತಾಡಿದರು. ಎಲ್ಲರಿಗೂ ಗೊತ್ತಿತ್ತೇ?

"ಮೇಸ್ತ್ರಿ, ನಾಳೆಯಿಂದ ನಿಮ್ಮನ್ನ ಲೈನ್ ಮೇಲೆ ಬಿಡೋಕಾಗಲ್ಲ."

"ಗೊತ್ತು ಮೇಡಂ. ಇವತ್ತೊಂದು ದಿನ ಬಿಡಿ. ನನ್ನ ಗೀಟು ನಾನೇ ಅಳಿಸಬೇಕು."

ಎರಡೂ ಲೈನಿಗೆ ಬ್ಲಾಕ್ ತೆಗೆದುಕೊಟ್ಟರು. ತಾವೂ ಬಂದು ನನ್ನ ಪಕ್ಕದಲ್ಲೇ ನಡೆದರು. ಒದ್ದೆ ಬಟ್ಟೆಯಲ್ಲಿ ಗೀಟು ಒರೆಸುತ್ತಾ ಹೋದೆ, ಹಿಂದೆ ಕಂಬ ಸುತ್ತಿಗೆ ಹಿಡಿದು ತಟ್ಟುತ್ತಾ ಬಂದ. ಟೊಳ್ಳು ಹೇಗೆ ಕೇಳಿಸುತ್ತದೆ ಎಂದು ಅವನಿಗೆ ಕಲಿಸಬೇಕು, ನನಗೇ ಕೇಳಿಸುತ್ತಿಲ್ಲ. ಚೆನ್ನಾಗಿದೆ ಗುರುಶಿಷ್ಯರ ಜೋಡಿ!

ಎಪ್ಪತ್ತೊಂದರ ಹತ್ತಿರ ಮಂಡಿಯೂರಿ, ಎಲ್ಲಿ ಸಡಿಲ ಎಂದು ನೋಡಲು ಸಿಮೆಂಟಿನ ಮೇಲೆ ಅಂಗೈ ಊರಿದ್ದೆ. ಅವನು ಆಗಲೇ ತಟ್ಟಿದ. ಅಂಗೈಗೆ ಜುಮ್ ಎಂದಿತು. ಎಪ್ಪತ್ತರ ಮೇಲೆ ಕೈ ಇಟ್ಟು ತಟ್ಟಿಸಿದೆ. ಒಂದೇ ಏಟು, ಅಲ್ಲಿಗೇ ನಿಂತಿತು. ಮತ್ತೆ ಎಪ್ಪತ್ತೊಂದು: ಜುಮ್. ನಡುಕ ಮೊಣಕೈ ತನಕ ಬರುತ್ತದೆ!

"ಇದು ಟೊಳ್ಳು" ಅಂದೆ.

"ಹೌದಣ್ಣ, ನನಗೂ ಹಂಗೇ ಕೇಳಿಸ್ತು."

ಮತ್ತೆ ಒಂದರಿಂದ ಶುರು ಮಾಡಿದೆವು. ಅವನ ಕಿವಿ, ನನ್ನ ಅಂಗೈ. ಒಬ್ಬರಿಗೊಬ್ಬರು ಮೊದಲೇ ಹೇಳಬಾರದು, ಬೆರಳಲ್ಲಿ ತೋರಿಸಬೇಕು ಎಂದು ಮೇಡಮ್ಮೇ ನಿಯಮ ಮಾಡಿದರು. ನೂರಾ ಇಪ್ಪತ್ತಕ್ಕೆ ನೂರಾ ಇಪ್ಪತ್ತೂ ಇಬ್ಬರದೂ ಒಂದೇ ಉತ್ತರ. ನೂರಾ ಮೂರನೆಯದೂ ಟೊಳ್ಳು. ನನ್ನ ಕಡ್ಡಿ ಅದನ್ನು ಹಿಡಿದಿರಲಿಲ್ಲ! ಆ ಮೂರು ಸ್ಲೀಪರುಗಳ ಅಡಿಗೂ ಗ್ಯಾಂಗಿನವರು ಜಲ್ಲಿ ಬಡಿದು ಕೂರಿಸಿದರು. ಮೊದಲು ಎಪ್ಪತ್ತೊಂದು, ಅದು ಪೂರ್ತಿ ಗಟ್ಟಿಯಾದ ಮೇಲೆಯೇ ಎಪ್ಪತ್ತೆರಡು.

ಸಿಮೆಂಟಿಗೆ ಮಾತು ಬರುವುದಿಲ್ಲ ಎಂದು ಬರೆದಿದ್ದೆನಲ್ಲ. ಪುಟ ತಿರುಗಿಸಿ ಅದನ್ನು ಹೊಡೆದುಹಾಕಿದೆ.

ಸುತ್ತಿಗೆಯನ್ನು ಕಂಬನ ಹತ್ತಿರವೇ ಬಿಟ್ಟು ಬಂದೆ. ಗೇಟು ದಾಟುವ ತನಕ ಸರಿಯಿದ್ದೆ. ಆಮೇಲೆ ಅತ್ತೆ.

ಮಾರ್ಚ್ 22, ಶನಿವಾರ, ನಾಲ್ಕು ಗಂಟೆ

ಎಂಟು ದಿನ ಪೆನ್ನು ಮುಟ್ಟಿರಲಿಲ್ಲ. ಆಸ್ಪತ್ರೆಯಲ್ಲಿ ಗಾಜಿನ ಪೆಟ್ಟಿಗೆಯಂಥ ಕೋಣೆಯೊಳಗೆ ಕೂರಿಸಿ, ಕೇಳಿಸಿದಾಗ ಗುಂಡಿ ಒತ್ತಿ ಅಂದರು. ತುಂಬ ಹೊತ್ತು ಒತ್ತದೆ ಕೂತಿದ್ದೆ. ಸಣ್ಣ ದನಿಗಳು ಹೋಗಿವೆ, ದಪ್ಪ ದನಿ ಉಳಿದಿದೆ. ಬಲಗಿವಿಗೆ ಮೆಷಿನ್ ಬರುತ್ತದಂತೆ. ಒಳಗೆ ಹೇಗಿರುತ್ತದೆ ಎಂದು ಬಿಚ್ಚಿ ನೋಡುವ ಆಸೆ. ಇವಳು 'ಮುಟ್ಟಿದರೆ ನೋಡಿ' ಅಂದಿದ್ದಾಳೆ.

ಸೋಮವಾರದಿಂದ ಸ್ಟೋರಿನಲ್ಲಿ ಕೆಲಸ. ಕ್ಲಿಪ್ಪು, ರಬ್ಬರ್ ಪ್ಯಾಡು. ಪ್ಯಾಡುಗಳು ಬೇರೆ ಬೇರೆ ಗಟ್ಟಿ ಇವೆಯಲ್ಲ, ಯಾಕೆ? ನೋಡಬೇಕು.

ಬೋರ್ಡು ಒಂದು ವಾರ ತಡವಾಗಿ ಇವತ್ತು ತೆಗೆದರು. ನಾಲ್ಕು ಹತ್ತರ ಎಕ್ಸ್‌ಪ್ರೆಸ್ಸೇ ಮೊದಲು. ಕಂಬ ಬೆಳಿಗ್ಗೆ ಬಂದು ಹೇಳಿ ಹೋದ, ಬಲಗಡೆ ನಿಂತು. ನೂರಾ ಇಪ್ಪತ್ತೂ ತಟ್ಟಿದ್ದಾನಂತೆ. ಅವನ ಗೀಟು ನನ್ನದಕ್ಕಿಂತ ಉದ್ದ, ಕಂಬನ ಹಾಗೆ.

ಹಿಂದಿನ ಕೋಣೆಯಲ್ಲಿದ್ದೇನೆ. ಎಡಗೈ ಮೇಜಿನ ಮೇಲೆ ಬಿಚ್ಚಿ ಇಟ್ಟಿದ್ದೇನೆ. ಬಲಗೈಯಲ್ಲಿ ಬರೆಯುತ್ತಿದ್ದೇನೆ. ಇವಳು ಕಿಟಕಿ ಹತ್ತಿರ ನಿಂತಿದ್ದಾಳೆ. ಅವಳಿಗೆ ಕೇಳಿಸುವ ಮೊದಲೇ ನನಗೆ ಗೊತ್ತಾಗಬೇಕು, ಇದು ಪಂದ್ಯ.

ನಾಲ್ಕು ಒಂಬತ್ತು.

ಬಂತು. ನಾನೇ ಗೆದ್ದೆ. ಎಂಜಿನ್ ತಿರುವಿಗೆ ಬಂತು... ಇಷ್ಟು ವೇಗವೇ... ಒಂದು ಬೋಗಿ, ಎರಡು, ಐದು, ಎಪ್ಪತ್ತೊಂದರ ಮೇಲೆ ಬಂದಿರಬೇಕು, ಎಂಟು, ಒಂದೇ ಸಮ, ಹನ್ನೊಂದು, ಎಲ್ಲೂ ಜುಮ್ ಅನ್ನಲಿಲ್ಲ.