ಕೈ ಎತ್ತಬೇಡ ಎಂದದ್ದು

18 ನವೆಂಬರ್, ಸೋಮವಾರ

ಇವತ್ತೂ ಬಸ್ಸಿನಲ್ಲಿ ನಿಂತೇ ಬಂದೆ. ಹಾನುಬಾಳಿನ ಶಾಲೆ ತಲುಪುವಷ್ಟರಲ್ಲಿ ಸೀರೆಯ ನೆರಿಗೆಯೆಲ್ಲ ಹಾಳು. ಬಿ.ಎಡ್. ಇಂಟರ್ನ್‌ಶಿಪ್ ಅಂದರೆ ಅರ್ಧ ಪಾಠ, ಅರ್ಧ ಪ್ರಯಾಣ.

ಎಂಟನೇ ಕ್ಲಾಸಿಗೆ ಘರ್ಷಣೆಯ ಪಾಠ. ಮಳೆ ಬಂದಾಗ ರಸ್ತೆ ಯಾಕೆ ಜಾರುತ್ತದೆ ಅಂತ ಕೇಳಿದೆ. ಪ್ರಶ್ನೆ ಮುಗಿಯುವ ಮೊದಲೇ ರುಬೀನಾಳ ಕೈ ಮೇಲೆ. ಜೀಪ್ ಓಡಿಸುವ ಮುನೀರ್ ಅವರ ಮಗಳು. ಬರೀ ಕೈಯಲ್ಲ, ಬೆಂಚಿನಿಂದ ಅರ್ಧ ಎದ್ದೇ ಬಿಡುತ್ತಾಳೆ.

"ಮಿಸ್, ನಾನು! ನೀರು ನಮ್ ಕಾಲನ್ನ ಮುಂದಕ್ಕೆ ತಳ್ಳುತ್ತೆ ಮಿಸ್!"

ಎಲ್ಲರೂ ನಕ್ಕರು. ಅವಳೂ ನಕ್ಕಳು. ಮುಂದಿನ ಪ್ರಶ್ನೆಗೂ ಅವಳದೇ ಕೈ. ಮತ್ತೆ ತಪ್ಪು. ಒಂಚೂರೂ ಬೇಜಾರಿಲ್ಲ ಆ ಹುಡುಗಿಗೆ.

ಸಂಜೆ "ನನ್ನ ಶಿಕ್ಷಣ ತತ್ವ" ಬರೆಯಲು ಕೂತೆ. ಕಾಲೇಜಿಗೆ ಕೊಡಬೇಕಾದ ಪ್ರಬಂಧ. ಒಂದು ಸಾಲು ಚೆನ್ನಾಗಿ ಬಂತು — ತಪ್ಪು ಉತ್ತರ ಹೇಳಲು ಮಗು ಹೆದರದ ಕೋಣೆಯೇ ತರಗತಿ, ಮಿಕ್ಕಿದ್ದು ಬರೀ ನಾಲ್ಕು ಗೋಡೆ. ರುಬೀನಾಳನ್ನು ನೆನೆಸಿಕೊಂಡೇ ಬರೆದದ್ದು. ಅಮ್ಮನಿಗೆ ಓದಿ ಹೇಳಿದೆ.

"ಚೆನ್ನಾಗೈತೆ ಕಣೇ," ಅಂದಳು. "ನಮ್ಗೂ ಇಂಥ ಟೀಚರ್ ಸಿಕ್ಕಿದ್ರೆ ಓದ್ತಿದ್ವೇನೋ."

21 ನವೆಂಬರ್, ಗುರುವಾರ

ನಾಳೆ ರಾಜಶೇಖರ್ ಸರ್ ಕಾಲೇಜಿನಿಂದ ನನ್ನ ಪಾಠ ನೋಡಲು ಬರುತ್ತಾರೆ. ನಮ್ಮ ಬ್ಯಾಚಿನ ಅಭಿಲಾಷನ ಪಾಠದಲ್ಲಿ ಮಕ್ಕಳು ತಪ್ಪು ತಪ್ಪು ಹೇಳಿದ್ದಕ್ಕೆ "ತಯಾರಿ ಸಾಲದು" ಅಂತ ಬರೆದರಂತೆ. ಕೇಳಿದಾಗಿನಿಂದ ಪಾಠದ ಟಿಪ್ಪಣಿಯನ್ನು ಮೂರು ಸಲ ತಿದ್ದಿದೆ.

ಊಟ ಆದ ಮೇಲೆ ನಲ್ಲಿಯ ಹತ್ತಿರ ರುಬೀನಾ ತಟ್ಟೆ ತೊಳೆಯುತ್ತಿದ್ದಳು. ಸುತ್ತ ಯಾರೂ ಇರಲಿಲ್ಲ.

"ನಾಳೆ ಒಂದಿನ ಕೈ ಎತ್ತಬೇಡ ಪುಟ್ಟಾ."

"ಯಾಕ್ ಮಿಸ್?"

"ಬೇರೆಯವರಿಗೂ ಚಾನ್ಸ್ ಸಿಗಲಿ."

"ಗೊತ್ತಿದ್ರೂ ಎತ್ತಬಾರದಾ?"

"ಬೇಡ."

ತಟ್ಟೆಯ ನೀರು ಕೊಡವಿದಳು. "ನಂದು ತಪ್ಪಾಗುತ್ತೆ ಅಂತಲಾ ಮಿಸ್?"

ಬೆಲ್ ಆಯಿತು. ಕ್ಲಾಸಿನ ಕಡೆ ನಡೆದುಬಿಟ್ಟೆ. ಒಂದು ದಿನದ ಮಾತು ತಾನೇ... ನಾಡಿದ್ದು ಸರಿಮಾಡಿಕೊಳ್ಳಬಹುದು.

22 ನವೆಂಬರ್, ಶುಕ್ರವಾರ

ಪಾಠ ಚೆನ್ನಾಯಿತು. ಅಂದರೆ, ಸರ್‌ಗೆ ಚೆನ್ನಾಯಿತು.

ರುಬೀನಾ ಎರಡೂ ಕೈಗಳನ್ನು ತೊಡೆ ಕೆಳಗೆ ಇಟ್ಟುಕೊಂಡು ಕೂತಿದ್ದಳು. ಇಡೀ ಪೀರಿಯಡ್. ಕೊನೆಗೆ ಸರ್ ಹಿಂದಿನಿಂದ ಎದ್ದು ಬಂದು ಅವಳನ್ನೇ ಕೇಳಿದರು.

"ನೀನು ಹೇಳಮ್ಮ, ಬ್ರೇಕ್ ಹಾಕಿದ್ರೆ ಗಾಡಿ ಯಾಕೆ ನಿಲ್ಲುತ್ತೆ?"

ಅವಳು ನನ್ನ ಮುಖ ನೋಡಿದಳು. ಅನುಮತಿ ಕೇಳುವ ನೋಟ. ತಲೆ ಆಡಿಸಿದ್ದರೆ ಸಾಕಿತ್ತು. ನಾನು ಚಾರ್ಟ್ ಸುತ್ತತೊಡಗಿದೆ.

"ಗೊತ್ತಿಲ್ಲ ಸರ್."

"ಕ್ಲಾಸ್ ಕಂಟ್ರೋಲ್ ತುಂಬಾ ಚೆನ್ನಾಗಿದೆ ಮಾನಸಾ," ಅಂದರು ಸರ್ ಹೋಗುವಾಗ. ಥ್ಯಾಂಕ್ಸ್ ಹೇಳಿದೆ.

2 ಡಿಸೆಂಬರ್, ಸೋಮವಾರ

ಇನ್ನೂ ಕೈ ಎತ್ತುತ್ತಿಲ್ಲ. ಸುಲಭದ ಪ್ರಶ್ನೆ ಕೇಳಿದೆ, ಅವಳನ್ನೇ ನೋಡುತ್ತ ಕೇಳಿದೆ. ಇಲ್ಲ. ಪಕ್ಕದ ಮೋನಿಕಾ, "ಅವ್ಳಿಗೆ ಭುಜ ನೋವಂತೆ ಮಿಸ್, ಕೈ ಎತ್ತಕ್ಕಾಗಲ್ವಂತೆ," ಅಂದಳು.

ಕ್ಲಾಸ್ ಬಿಟ್ಟ ಮೇಲೆ ನಿಲ್ಲಿಸಿಕೊಂಡೆ. "ನಾನು ಹೇಳಿದ್ದು ಆ ಒಂದಿನಕ್ಕೆ ಮಾತ್ರ ರುಬೀನಾ. ಈಗ ಎತ್ತು."

"ಬೇಡ ಮಿಸ್."

"ಕೋಪಾನಾ?"

"ಕೋಪ ಇಲ್ಲ. ನಂಗೆ ಬರಲ್ಲ ಅಂತ ಮೊದ್ಲು ಗೊತ್ತಿರಲಿಲ್ಲ. ಈಗ ಗೊತ್ತಾಯ್ತಲ್ಲ."

ಸಮಾಧಾನವಾಗಿ ಹೇಳಿದಳು. ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು.

7 ಡಿಸೆಂಬರ್, ಶನಿವಾರ

ಕಾಲೇಜಿನಲ್ಲಿ ಪ್ರಬಂಧ ಓದಿಸಿದರು. ನನ್ನದೇ ಬೆಸ್ಟ್ ಅಂತೆ. ತಪ್ಪು ಉತ್ತರದ ಆ ಸಾಲು ಬರುವ ಮುಂಚೆ ಅಂದುಕೊಂಡೆ, ಇದನ್ನು ಬಿಟ್ಟು ಮುಂದೆ ಹೋಗಬೇಕು. ಬಿಡಲಿಲ್ಲ. ಉಳಿದದ್ದಕ್ಕಿಂತ ಜೋರಾಗಿಯೇ ಓದಿದೆ. ಚಪ್ಪಾಳೆ. ರಾಜಶೇಖರ್ ಸರ್, "ಇವರ ಕ್ಲಾಸ್ ನಾನೇ ಕಣ್ಣಾರೆ ನೋಡಿದ್ದೀನಿ," ಅಂದರು ಎಲ್ಲರಿಗೂ.

ಮನೆಯಲ್ಲಿ ಅಮ್ಮ, "ಏನಂದ್ರು ಕಣೇ?" ಅಂತ ಕೇಳಿದಳು. ತಲೆನೋವು ಅಂದೆ.

13 ಡಿಸೆಂಬರ್, ಶುಕ್ರವಾರ

ನಾಳೆ ಅಲ್ಲಿ ಕೊನೆಯ ದಿನ. ಇವತ್ತು ಧೈರ್ಯ ಮಾಡಿದೆ. ಪಾಠ ಮುಗಿಸಿ ಇಡೀ ಕ್ಲಾಸಿನ ಮುಂದೆ ಹೇಳಿದೆ — ಸರ್ ಬಂದ ದಿನ ಕೈ ಎತ್ತಬೇಡ ಅಂತ ರುಬೀನಾಗೆ ನಾನೇ ಹೇಳಿದ್ದೆ, ಅದು ನನ್ನ ತಪ್ಪು, ಅವಳದಲ್ಲ.

ಒಂದು ಕ್ಷಣ ಎದೆ ಹಗುರಾಯಿತು.

"ಹಂಗಾದ್ರೆ ಭುಜ ನೋವು ಸುಳ್ಳೇನೇ?" ಅಂದಳು ಮೋನಿಕಾ. ಹಿಂದಿನ ಬೆಂಚಿನಿಂದ ಇನ್ನೊಬ್ಬ, "ತಪ್ಪು ಹೇಳ್ತಾಳೆ ಅಂತ ಮಿಸ್ಸೇ ಬ್ಯಾಡ ಅಂದವ್ರೆ ಕಣ್ರೋ!" ಕ್ಲಾಸೆಲ್ಲ ನಗು.

ಈ ಸಲ ರುಬೀನಾ ನಗಲಿಲ್ಲ.

ವರಾಂಡದಲ್ಲಿ ಹಿಂದೆ ಓಡಿದೆ. ತಿರುಗಿ ನಿಂತಳು. "ನಾನು ಯಾರಿಗೂ ಹೇಳಿರಲಿಲ್ಲ ಮಿಸ್. ನೀವ್ಯಾಕೆ ಹೇಳಿದ್ರಿ?"

ನನ್ನ ಎದೆ ಹಗುರಾಗಲಿ ಅಂತ. ಅಷ್ಟೇ. ಅವಳು ಅಷ್ಟು ದಿನ ಮುಚ್ಚಿಟ್ಟು ಕಾಪಾಡಿಕೊಂಡಿದ್ದ ಮಾನವನ್ನೂ ತೆಗೆದುಬಿಟ್ಟೆ.

14 ಡಿಸೆಂಬರ್, ಶನಿವಾರ

ಬೀಳ್ಕೊಡುಗೆ. ಪೆನ್ನು ಕೊಟ್ಟರು, ಹೂವು ಕೊಟ್ಟರು. ರುಬೀನಾ ಒಳಗೆ ಬರಲಿಲ್ಲ.

ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಳು. ಎಸ್ಟೇಟಿಗೆ ಆಳುಗಳನ್ನು ಬಿಟ್ಟು ಬರುವ ಅಪ್ಪನ ಜೀಪಿಗೆ ಕಾಯುತ್ತಿದ್ದಳು. ಪಕ್ಕದಲ್ಲಿ ನಿಂತೆ. ಕ್ಷಮೆ ಕೇಳಲು ಬಾಯಿ ಬರಲಿಲ್ಲ, ಮತ್ತೆ ನನಗಾಗಿಯೇ ಕೇಳಿದಂತಾದೀತು ಅನ್ನಿಸಿತು.

ಅವಳೇ ಮಾತಾಡಿದಳು. "ಹೊಸಬ್ರು ಬರ್ತಾರಾ ಮಿಸ್?"

"ಜನವರಿಯಲ್ಲಿ ಬರ್ತಾರೆ. ನಮ್ಮ ಕಾಲೇಜಿನವರೇ."

"ಅವ್ರಿಗೆ ನನ್ ಬಗ್ಗೆ ಏನೂ ಹೇಳ್ಬೇಡಿ."

"ಒಳ್ಳೇದನ್ನೇ ಹೇಳ್ತೀನಿ ಪುಟ್ಟಾ."

"ಒಳ್ಳೇದೂ ಬ್ಯಾಡ."

ಜೀಪ್ ಬಂತು. ಮುನೀರ್ ಇಳಿದು ನಮಸ್ಕಾರ ಮಾಡಿದರು. "ಮನೇಲಿ ದಿನಾ ನಿಮ್ದೇ ಮಾತು ಮೇಡಂ. ಹೆಂಗೈತೆ ಇವಳ ಓದು?"

ರುಬೀನಾ ನನ್ನನ್ನೇ ನೋಡುತ್ತಿದ್ದಳು.

"ಅವಳನ್ನೇ ಕೇಳಿ," ಅಂದೆ. ಅವಳ ಬಗ್ಗೆ ಏನೂ ಹೇಳುವುದಿಲ್ಲ ಅಂತ ಅವಳಿಗೆ ಮಾತು ಕೊಟ್ಟ ಹಾಗಾಯಿತು.

8 ಜನವರಿ, ಬುಧವಾರ

ಅಭಿಲಾಷ್ ಫೋನ್ ಮಾಡಿದ್ದ. ಈಗ ಹಾನುಬಾಳಿಗೆ ಅವನನ್ನೇ ಹಾಕಿದ್ದಾರೆ. ಮಕ್ಕಳು ಹೇಗೆ ಅಂತ ಕೇಳಿದ. ಕೆಲವರ ಹೆಸರು ಹೇಳಿದೆ. ಅವಳ ಹೆಸರು ಎತ್ತಲಿಲ್ಲ.

"ರುಬೀನಾ ಅಂತ ಒಬ್ಳು ಇದಾಳಲ್ಲ ಮಾರಾಯ್ತಿ, ಅವಳ ಬಗ್ಗೆ ಹೇಳಲೇ ಇಲ್ಲ ನೀನು! ಮೊದಲ ದಿನದಿಂದ ಎಲ್ಲದಕ್ಕೂ ಕೈ ಎತ್ತುತ್ತಾಳೆ. ಬರೀ ತಪ್ಪು."

ಹಾಸಿಗೆ ಮೇಲೆ ಕೂತುಬಿಟ್ಟೆ. ಖುಷಿಯೋ ನಾಚಿಕೆಯೋ... ಎರಡೂ. ನಾನಿಲ್ಲದ ಕ್ಲಾಸಿನಲ್ಲಿ ಅವಳಿಗೆ ಕೈ ಎತ್ತಲು ಬಂತು.

"ಸೋಮವಾರ ರಾಜಶೇಖರ್ ಸರ್ ಬರ್ತಿದಾರೆ ಕಣೇ," ಅಂದ. "ಈ ಸಲವೂ ಹಾಳಾದ್ರೆ ಕಷ್ಟ. ಅವಳಿಗೆ ಮೊದಲೇ ಒಂದು ಮಾತು ಹೇಳಿಬಿಡ್ಲಾ, ಆ ದಿನ ಸುಮ್ಮನಿರು ಅಂತ? ಪಾಪ, ಒಳ್ಳೇ ಹುಡುಗಿ, ಕೇಳ್ತಾಳೆ."

ಕೇಳ್ತಾಳೆ. ಹೌದು.

ಅಡುಗೆಮನೆಯಿಂದ ಅಮ್ಮ ಕೂಗಿದಳು. ನಾನು ಎದ್ದು ಬಾಗಿಲು ಹಾಕಿಕೊಂಡೆ.

"ಅವಳ ಬಗ್ಗೆ ನಾನು ಏನೂ ಹೇಳಲ್ಲ ಅಭಿಲಾಷ್," ಅಂದೆ. "ನನ್ನ ಬಗ್ಗೆ ಹೇಳ್ತೀನಿ, ಕೇಳು. ಆ ದಿನ ಸರ್ ಹೊಗಳಿದ ನನ್ನ ಪಾಠ ಇದೆಯಲ್ಲ, ಅದರ ಹಿಂದಿನ ದಿನ ಊಟ ಆದ ಮೇಲೆ ನಾನು —"