ಬೇವಿನ ಮಂಚ

ತಿಕೋಟಾ
ತಾ. ೧೧-೬-೧೯೭೪

ಸಾರವಾಡದ ಬೀಗತಿ ಗುರುಸಿದ್ದವ್ವನವರಿಗೆ ಶಂಕ್ರೆವ್ವ ಮಾಡುವ ಶರಣು.

ನಾವೆಲ್ಲ ಚೆನ್ನಾಗಿದ್ದೇವೆ. ಚೆನ್ನಾಗಿಲ್ಲದ್ದು ನಿಮ್ಮ ಮಗಳು ಮತ್ತು ನಮ್ಮ ಹಿತ್ತಲ ಬಾಗಿಲು. ಮಗಳ ಸುದ್ದಿ ಆಮೇಲೆ ಹೇಳುತ್ತೇನೆ, ಮೊದಲು ಬಾಗಿಲಿನದು ಕೇಳಿ.

ಇದು ನಮ್ಮ ಮಾವನವರು ಕಟ್ಟಿಸಿದ ಮನೆ. ಇಷ್ಟು ವರ್ಷ ಇಲ್ಲಿ ಒಂದು ಹುಳ ಕಂಡಿರಲಿಲ್ಲ. ಹೋದ ವರ್ಷ ನೀವು ಮಗಳ ಹಿಂದೆ ಮಂಚ ಕಳಿಸಿದಿರಿ, ಬೇವಿನದು, ಭಾರಿ ಗಟ್ಟಿ ಎಂದು ಬೀಗರ ಮುಂದೆಲ್ಲ ಹೇಳಿಕೊಂಡಿರಿ. ಅದು ಬಂದದ್ದೇ ತಡ, ಗೆದ್ದಲು ಹಿತ್ತಲ ಬಾಗಿಲಿನ ಚೌಕಟ್ಟು ತಿಂದು ಮುಗಿಸಿತು. ಗೋಡೆಯ ಮೇಲೆಲ್ಲ ಮಣ್ಣಿನ ಗೆರೆ. ಬಡಿಗ ಗೈಬುಸಾಬ ನನಗೇ ಪಾಠ ಹೇಳಲು ಬಂದ. ‘ಬೇವಿಗೆ ಹುಳ ಹತ್ತಂಗಿಲ್ರಿ ಯವ್ವಾ, ಇದು ನೆಲದಿಂದ ಎದ್ದೈತ್ರಿ’ ಅಂದ. ಅವನನ್ನು ಹೊರಗೆ ಅಟ್ಟಿದೆ. ನೆಲ ನಮ್ಮದು, ನಮ್ಮ ನೆಲದಲ್ಲಿ ಹುಳ ಎಲ್ಲಿಂದ ಬರಬೇಕು?

ವಿಜಾಪುರದಿಂದ ಔಷಧದ ಪುಡಿ ತರಿಸಿದೆ. ಹುಳ ತಂದವಳೇ ಹುಳ ತೆಗೆಯಲಿ ಎಂದು ನಿಮ್ಮ ಸಾವಂತ್ರವ್ವನ ಕೈಗೆ ಕೊಟ್ಟೆ. ಕಾಳಿನ ಕೋಣೆಯ ಮೂಲೆಗಳಿಗೆಲ್ಲ ಉಗ್ಗಿಸಿದೆ, ನಿಚ್ಚಣಿಕೆ ಹತ್ತಿಸಿ ಜಂತಿಗಳಿಗೂ ಉಗ್ಗಿಸಿದೆ. ಕೆಮ್ಮಿದಳು, ವಾಂತಿ ಮಾಡಿಕೊಂಡಳು. ಬಸುರಿಗೆ ವಾಂತಿ ಹೊಸದೇನಲ್ಲ. ಮರುದಿನ ನಿಚ್ಚಣಿಕೆಯ ಮೇಲಿರುವಾಗಲೇ ಬಸುರು ಹೋಯಿತು. ಅದನ್ನು ನನ್ನ ತಲೆಗೆ ಕಟ್ಟಬೇಡಿ. ನಾನು ತುಂಬಿದ ಬಸುರಿಯಿದ್ದಾಗ ಜೋಳ ಕೊಯ್ದವಳು. ನಿಮ್ಮ ಮಗಳ ಹೊಟ್ಟೆಯೇ ಆ ಚೌಕಟ್ಟಿನ ಹಾಗೆ, ಹೊರಗೆ ಚೆಂದ, ಒಳಗೆ ಏನೂ ಇಲ್ಲ.

ನನ್ನ ಮಗ ಶಿವಯೋಗೆಪ್ಪ ತಾಯಿಯ ಮಾತು ಮೀರುವವನಲ್ಲ. ಇಟ್ಟಂಗಿಹಾಳದಲ್ಲಿ ಬೇರೆ ಹುಡುಗಿಯನ್ನು ನೋಡಿ ಬಂದಿದ್ದಾನೆ. ಬರುವ ಸೋಮವಾರ ನಿಮ್ಮ ಮಗ ಗುರಣ್ಣನನ್ನು ಕಳಿಸಿ ಇವಳನ್ನು ಕರೆಸಿಕೊಳ್ಳಿ. ಮಂಚ ಮಾತ್ರ ಕೇಳಬೇಡಿ. ಅದನ್ನು ಹೊತ್ತೊಯ್ದರೆ ನಿಮ್ಮ ಮನೆಗೂ ಹುಳ ಹತ್ತೀತು, ಆ ಪಾಪ ನನಗೆ ಬೇಡ. ಪಡಸಾಲೆಯಲ್ಲಿ ಹಾಕಿಸಿಕೊಂಡು ನಾನೇ ಮಲಗುತ್ತಿದ್ದೇನೆ, ಸೊಂಟಕ್ಕೆ ಹಿತವಾಗಿದೆ.

ಈ ಪತ್ರವನ್ನು ನಿಮ್ಮ ಮಗಳ ಕೈಯಿಂದಲೇ ಬರೆಸುತ್ತಿದ್ದೇನೆ. ಏಳನೇ ಇಯತ್ತೆ ಓದಿದ್ದಾಳೆ ಎಂದು ಬಹಳ ಮೆರೆದಿದ್ದಿರಲ್ಲ, ಅದೊಂದಾದರೂ ಉಪಯೋಗಕ್ಕೆ ಬಂತು. ‘ಅಳಬ್ಯಾಡ ಲೇ, ಹಾಳಿ ಕೆಡ್ತೈತಿ’ ಎಂದು ಹೇಳಿ ಹೇಳಿ ಸಾಕಾಯಿತು.

ಇಂತಿ, ನಿಮ್ಮ ಒಳಿತನ್ನೇ ಬಯಸುವ
ಶಂಕ್ರೆವ್ವ
(ಎಡಗೈ ಹೆಬ್ಬೆಟ್ಟಿನ ಗುರುತು)

ತಾ.ಕ.: ಅವ್ವಾ, ಇದು ನಾನು, ನಿನ್ನ ಸಾವಂತ್ರಿ. ಲಕೋಟೆಗೆ ಹಚ್ಚಲು ಗಂಜಿ ತರುತ್ತೇನೆಂದು ಅತ್ತೆ ಒಳಗೆ ಹೋಗಿದ್ದಾರೆ. ಅವರು ಹೇಳಿದ್ದರಲ್ಲಿ ಒಂದಕ್ಷರ ಬಿಡದೆ ಬರೆದಿದ್ದೇನೆ. ಅವರು ಹೇಳದೆ ಬಿಟ್ಟದ್ದು ಇಷ್ಟು. ಪುಡಿ ಉಗ್ಗಲು ಮೊದಲ ದಿನ ಹತ್ತಿದಾಗ ಪಡಸಾಲೆಯ ದೊಡ್ಡ ತೊಲೆಗೆ ಕೈ ಊರಿದೆ, ಬೆರಳು ಒಳಗೆ ಹೋದವು. ಮೇಲಿನ ಸಿಪ್ಪೆಯೊಂದನ್ನು ಬಿಟ್ಟು ಗೆದ್ದಲು ಎಲ್ಲವನ್ನೂ ತಿಂದಿದೆ. ಇಳಿದು ಬಂದು ಹೇಳಿದೆ. ‘ನನ್ನ ಮನಿ ಬೀಳ್ಲಿ ಅಂತೀಯೇನ ಲೇ?’ ಎಂದು ಬಾಯಿಯ ಮೇಲೆ ಬಡಿದರು. ಮರುದಿನ ಮತ್ತೆ ಹತ್ತಿಸಿದರು. ಆ ದಿನವೇ ನನ್ನ ಕೂಸು ಹೋಯಿತು. ಆಮೇಲೆ ನಾನು ತೊಲೆಯ ಮಾತೆತ್ತಿಲ್ಲ. ನನ್ನ ಮಂಚವನ್ನು ಪಡಸಾಲೆಗೆ ತರಿಸಿದಾಗ ‘ಎಲ್ಲಿ ಹಾಕಿದ್ರ ಗಾಳಿ ಬರ್ತೈತಿ?’ ಎಂದು ಅತ್ತೆ ನನ್ನನ್ನೇ ಕೇಳಿದರು. ಜಾಗ ನಾನೇ ತೋರಿಸಿದೆ, ಆ ತೊಲೆಯ ಕೆಳಗೆ. ಮೊನ್ನೆ ಮೇಲಿನ ಮಣ್ಣಿನ ಮಾಳಿಗೆಗೆ ಹೊಸ ಮಣ್ಣು ಏರಿಸಿದ್ದಾರೆ, ಅದು ನೆನೆದು ಭಾರವಾಗಲು ಇನ್ನು ಮಳೆ ಬೀಳುವುದೊಂದು ಬಾಕಿ. ಗುರಣ್ಣನಿಗೆ ಹೇಳು, ಕರೆಯಲು ಬಂದಾಗ ಎಷ್ಟು ಕರೆದರೂ ಒಳಗೆ ಬರಬಾರದು. ಹೊರಗೆ ಕಟ್ಟೆಯ ಹತ್ತಿರ ನಿಂತು ಕೂಗಿದರೆ ಸಾಕು, ನಾನೇ ಬರುತ್ತೇನೆ.