ಬಾಗಿನ ಕಟ್ಟುವ ಕೈ

ಜೂನ್ 30, ಸೋಮವಾರ

ಬೆಳಗಿನ ಹಾಲು ಮುಗಿಯಿತು. ಒಂದು ಕ್ಯಾನಿನ ಹಾಲು ಒಡೆದಿತ್ತು. ಸೊಸೈಟಿಗೆ ಬೀಗ ಹಾಕಿ ಒಂಬತ್ತಕ್ಕೆ ಮನೆಗೆ ಬಂದರೆ ಅವ್ವ ಬೀದಿ ಕಡೆಯ ಕೋಣೆ ಗುಡಿಸುತ್ತಿದ್ದಳು. ಅಪ್ಪನ ಸೈಕಲ್ ಶಾಪು. ಅಪ್ಪ ಸತ್ತು ಮೂರು ವರ್ಷ, ಅಷ್ಟೂ ದಿನದ ಧೂಳು. ಪಂಪು, ಟ್ಯೂಬು, ತುಕ್ಕು ಹಿಡಿದ ಫ್ರೀವೀಲು ಎಲ್ಲ ಅಂಗಳದಲ್ಲಿ.

ಅಂಗಡಿ ಇಡುತ್ತಾಳಂತೆ. ಮೊರ, ಬುಟ್ಟಿ, ಈಚಲು ಚಾಪೆ, ತೆಂಗಿನ ನಾರಿನ ಹಗ್ಗ, ಮುದ್ದೆ ಕೋಲು, ಹೂಬತ್ತಿ. ಸುತ್ತಮುತ್ತಲ ಜನ ಕೈಯಲ್ಲಿ ಮಾಡಿದ್ದು ಮಾತ್ರ. ಪ್ಲಾಸ್ಟಿಕ್ ಒಂದೂ ಇಲ್ಲ.

"ಯಾರವ್ವ ತಗತಾರೆ?"

"ಯಾರೂ ತಗಳ್ದಿದ್ರೆ ನಾನೇ ಚಾಪೆ ಆಸ್ಕಂಡು ಮನಿಕತೀನಿ. ನಿಂಗೇನು?"

ಎಪ್ಪತ್ತು ವರ್ಷ. ಮಂಡಿ ನೋವು. ಆಷಾಢ ಕಳೆಯಲಿ ಎಂದು ಕಾಯುತ್ತಿದ್ದಾಳೆ, ಅಷ್ಟೆ.

ಜುಲೈ 9

ಮೈಸೂರಿನಿಂದ ಅಣ್ಣ ನಾಗರಾಜು ಫೋನ್ ಮಾಡಿದ್ದ. ಮನೆ ಅವನ ಹೆಸರಿನಲ್ಲಿದೆ. ಆ ಕೋಣೆಯನ್ನು ಮೊಬೈಲ್ ಅಂಗಡಿಯವನೊಬ್ಬ ಕೇಳಿದ್ದಾನಂತೆ.

"ಗೌರಿ ಹಬ್ಬದವರ್ಗೂ ನೋಡ್ಕಳವ್ವ. ನಡೀದಿದ್ರೆ ಆಮೇಲೆ ಅವನ್ಗೆ ಕೊಟ್ಬುಡ್ತೀನಿ."

ಅವ್ವ ಆಯಿತು ಅಂದಳು. ಗೌರಿ ಹಬ್ಬ ಅಂದಾಗ ಅವಳ ಮುಖ ನೋಡಬಾರದಿತ್ತು, ನೋಡಿದೆ.

ನಮ್ಮೂರು ಕೊಪ್ಪದಲ್ಲಿ ಬಾಗಿನ ಕಟ್ಟುವ ಕೈ ಅಂದರೆ ನಮ್ಮವ್ವ ಹೊಂಬಾಳಮ್ಮನ ಕೈ. ನಲವತ್ತು ವರ್ಷ. ಯಾರ ಮನೆಯ ಗೌರಿ ಇರಲಿ, ಹೊಸ ಮದುವೆ ಇರಲಿ, ಅರಿಸಿನ ಹಚ್ಚಿದ ಮೊರದಲ್ಲಿ ಅಕ್ಕಿ, ಬೇಳೆ, ಬೆಲ್ಲದ ಅಚ್ಚು, ಬಳೆ, ಬಿಚ್ಚೋಲೆ, ಕನ್ನಡಿ ಜೋಡಿಸಿ, ಮೇಲೊಂದು ಮೊರ ಮುಚ್ಚಿ ದಾರ ಸುತ್ತಲು ಇವಳೇ ಬರಬೇಕು. ಅಪ್ಪ ಸತ್ತ ವರ್ಷವೂ ಹಬ್ಬದ ಹಿಂದಿನ ದಿನ ಅರಿಸಿನ ಕಲಸಿಟ್ಟುಕೊಂಡು ಕಾದಳು. ಯಾರೂ ಕರೆಯಲಿಲ್ಲ. ಸಂಜೆ ಅದನ್ನು ಹಸುವಿನ ಕೊಂಬಿಗೆ ಹಚ್ಚಿದಳು.

ಆ ವಿಷಯ ಆಮೇಲೆ ಇಬ್ಬರೂ ಎತ್ತಿಲ್ಲ.

ಜುಲೈ 24. ಭೀಮನ ಅಮಾವಾಸ್ಯೆ

ಹಾಲು ಎಲ್ಲರದೂ ತಡ. ಗಂಡಂದಿರ ಪಾದ ತೊಳೆದು ಬರಬೇಕಲ್ಲ. ಅರಿಸಿನದ ಕೈಗಳು, ಹಾಲಿನ ಪಾತ್ರೆಗಳು. ನಾನು ಮೀಟರ್ ನೋಡಿ ಬರೆಯುತ್ತಾ ಹೋದೆ.

ನನ್ನ ಗಂಡ ಶಿವರಾಮು ಮಳವಳ್ಳಿಗೆ ಹೋಗಿ ಹನ್ನೊಂದು ವರ್ಷ. ಅಲ್ಲೊಂದು ಮನೆ, ಅದರಲ್ಲೊಬ್ಬಳು. ಕೋರ್ಟಿಗೆ ಅವನೂ ಹೋಗಲಿಲ್ಲ, ನಾನೂ ಹೋಗಲಿಲ್ಲ. ಸೋಮಾರಿತನ ಇದ್ದೀತು. ತಾಳಿ ಹೊಲಿಗೆ ಡಬ್ಬಿಯಲ್ಲಿದೆ, ಗುಂಡಿಗಳ ಜೊತೆ.

ಆಗಸ್ಟ್ 1, ಶುಕ್ರವಾರ

ಅಂಗಡಿ ತೆರೆದಾಯಿತು. ಬೋರ್ಡಿಲ್ಲ. ಬಾಗಿಲಿಗೆ ಒಂದು ಮೊರ ತೂಗುಹಾಕಿದ್ದಾಳೆ, ಅದೇ ಬೋರ್ಡು.

ಮದ್ದೂರಿನಿಂದ ಮೊರ ಹೆಣೆಯುವ ಚಲುವಮ್ಮ ಗೂಡ್ಸ್ ಆಟೋದಲ್ಲಿ ಬಂದಿಳಿದಳು. ನೂರು ಜೊತೆ. ಒಂದು ತಿಂಗಳು ಗಂಡ ಹೆಂಡತಿ ಇಬ್ಬರೂ ಬೆರಳು ಸೀಳಿಕೊಂಡಿದ್ದಾರೆ. ಬೆರಳು ತೋರಿಸಿದಳು.

"ನಿನ್ ನಂಬ್ಕಂಡು ಮದ್ದೂರ್ ಅಂಗ್ಡಿಯೋರ್ಗೂ ಇಲ್ಲ ಅಂದಿವ್ನಿ ಕಣವ್ವ. ವಾಪಸ್ ತಗಂಡೋಗು ಅಂದ್ಬುಟ್ಟೀಯ?"

"ವಾಪಸ್ ಓಗದು ನಿನ್ ಆಟೋ ಒಂದೇ. ಕಾಪಿ ಕುಡಿ."

ಬೋಣಿ ಒಂದು ಹಗ್ಗ. ಆಮೇಲೆ ಜನ ಬಂದರು, ಮುಟ್ಟಿದರು, ಚೆನ್ನಾಗಿದೆ ಅಂದರು, ಹೋದರು.

ಆಗಸ್ಟ್ 11, ಸೋಮವಾರ

ವರಮಹಾಲಕ್ಷ್ಮಿಗೆ ಹೂಬತ್ತಿ ಹೋಯಿತು. ಚಾಪೆ ನಾಲ್ಕು. ಮೊರ ಒಂದೂ ಇಲ್ಲ.

ಕಾರಣ ಇವತ್ತು ದೇವಿರಮ್ಮ ಬಾಯಿಬಿಟ್ಟು ಹೇಳಿದರು. ಎದುರು ಬೀದಿಯವರು. ಮಗಳು ರಂಜಿತಳಿಗೆ ವೈಶಾಖದಲ್ಲಿ ಮದುವೆಯಾಗಿದೆ. ಮೊದಲನೇ ಗೌರಿ.

"ಒಂಬಾಳಕ್ಕ, ಬ್ಯಾಸ್ರ ಮಾಡ್ಕಬ್ಯಾಡ. ಮೊರ ಏನೋ ಚಂದಾಗವೆ. ಆದ್ರೆ ಹೊಸ ಮದ್ವೆ ಹೆಣ್ಣು... ನಿನ್ ಕೈ ಮುಟ್ಟಿದ್ದು ಅಂದ್ರೆ ಬೀಗ್ರು ಏನಂದಾರು?"

"ಸರಿ ಬುಡೆ. ನನ್ ಗಂಡ ಸಾಯೋ ಮುಂಚೆ ನನ್ನೊಂದ್ ಮಾತ್ ಕೇಳಿದ್ರೆ ಗೌರಿ ಕಳೀಲಿ, ಆಮೇಲ್ ಓಗು ಅಂತಿದ್ದೆ."

ದೇವಿರಮ್ಮ ನಕ್ಕರು. ಅವ್ವ ನಗಲಿಲ್ಲ. ನನ್ನ ಕಡೆ ತಿರುಗಿದಳು. ಬಹಳ ಹೊತ್ತು ನೋಡಿದಳು.

"ಇವಳು ಕಟ್ಟಿದ್ರೆ?"

ನನ್ನ ಖಾಲಿ ಕೊರಳನ್ನು ಇಬ್ಬರೂ ನೋಡುತ್ತಿದ್ದರು. ಹಾಲಿನ ಫ್ಯಾಟು ನೋಡುವ ಹಾಗೆ.

"ಯಾಕಾಗಬಾರ್ದು?" ದೇವಿರಮ್ಮ ಅಂದರು. "ಗಂಡ ಎಲ್ಲಾರ ಇರ್ಲಿ ಕಣವ್ವ, ಇದ್ರಾಯ್ತು. ಮಳವಳ್ಳಿಲಿ ನಮ್ ತಮ್ಮ ಮೊನ್ನೆ ನೋಡುದ್ನಂತೆ. ಗುಂಡ್ಕಲ್ ಅಂಗವ್ನಂತೆ. ತಾಳಿ ಆಕ್ಕಂಡು ಕೂತ್ಕ, ನಾನೇ ನಾಕ್ ಮನೆಗೆ ಯೋಳ್ತೀನಿ."

ಹನ್ನೊಂದು ವರ್ಷ ಆ ಮನುಷ್ಯ ಇದ್ದದ್ದು ಯಾವ ಉಪಯೋಗಕ್ಕೂ ಬಂದಿರಲಿಲ್ಲ.

ಆಗಸ್ಟ್ 13

ಹಾಕಿಕೊಂಡೆ. ದಾರ ಬಣ್ಣಗೆಟ್ಟಿತ್ತು, ಅವ್ವ ಹೊಸ ದಾರ ತಂದು ಕೊಟ್ಟಳು. ತಾನು ಪೋಣಿಸಲಿಲ್ಲ. ಮುಟ್ಟಬಾರದಂತೆ.

ಅವ್ವನಿಗಾಗಿ ಹಾಕಿಕೊಂಡೆ ಎಂದು ಇಲ್ಲಿ ಬರೆಯಬಹುದು. ಪೂರ್ತಿ ಸುಳ್ಳಲ್ಲ. ಸೊಸೈಟಿಯಲ್ಲಿ ಹೆಂಗಸರು ಇವತ್ತು ನನ್ನ ಜೊತೆ ಬೇರೆ ಥರ ಮಾತಾಡಿದರು. ಅದು ಹಿತವಾಗಿತ್ತು. ಅದನ್ನೂ ಬರೆಯಬೇಕು.

ಆಗಸ್ಟ್ 18, ಸೋಮವಾರ

ಅರವತ್ತು ಆರ್ಡರ್.

ನಾನು ನೆಲದ ಮೇಲೆ, ಅವ್ವ ಸ್ಟೂಲಿನ ಮೇಲೆ. ಕೈಯಲ್ಲಿ ಮುದ್ದೆ ಕೋಲು, ಅದರಿಂದ ತೋರಿಸುತ್ತಾಳೆ. "ಬೆಲ್ಲ ಆ ಮೂಲೆಗೆ. ಕನ್ನಡಿ ಮಕಾಡೆ ಮಡಗ್ಬ್ಯಾಡ. ಅಯ್ಯೋ, ಹಾಲ್ ಅಳೆಯೋ ಕೈಗೆ ಇದ್ಯಾಕ್ ಬಂದದು!"

ದಾರದ ಗಂಟು ಮಾತ್ರ ನನಗೆ ಬರುವುದಿಲ್ಲ. ಅವಳದು ಮೊರದ ಅಡಿಯಲ್ಲಿ ಕೂರುತ್ತಿತ್ತು, ಕಾಣುತ್ತಿರಲಿಲ್ಲ. ಒಂದೆಳೆ ಎಳೆದರೆ ಪೂರ್ತಿ ಬಿಚ್ಚಿಕೊಳ್ಳುತ್ತಿತ್ತು. ನನ್ನದು ಮೇಲೆ, ದಪ್ಪಗೆ. ಅವಳ ಬೆರಳುಗಳು ಗಾಳಿಯಲ್ಲೇ ಆ ಗಂಟು ಹಾಕಿ ತೋರಿಸುತ್ತವೆ. ಹತ್ತಿರ ಬಂದು ಮತ್ತೆ ಹಿಂದೆ ಸರಿಯುತ್ತವೆ.

ಆದರೂ ನಗುತ್ತಾಳೆ. ಮೂರು ವರ್ಷದ ಮೇಲೆ. ಬರುವವರೆಲ್ಲ ಅವಳನ್ನೇ ಕೇಳುತ್ತಾರೆ — ಎಷ್ಟು ಜೊತೆ ಕೊಡಬೇಕು, ಅತ್ತೆಗೆ ಮೊದಲೋ ತವರಿಗೆ ಮೊದಲೋ. ಹೇಳುತ್ತಾಳೆ. ಬೆನ್ನು ನೆಟ್ಟಗಾಗಿದೆ.

ಆಗಸ್ಟ್ 22, ಶುಕ್ರವಾರ. ಮಧ್ಯಾಹ್ನ

ಹನ್ನೊಂದು ಗಂಟೆಗೆ ಫೋನು. ಸಿದ್ದೇಶ. ಶಿವರಾಮುವಿನ ತಮ್ಮ. ಅವನ ದನಿ ಕೇಳಿ ಆರೇಳು ವರ್ಷವಾಗಿತ್ತು.

"ಅತ್ತಿಗೆ... ಯೋಳ್ಬಾರ್ದು ಅಂತಿದ್ದೆ, ಮನ್ಸು ತಡೀಲಿಲ್ಲ. ಅಣ್ಣ ಓಗ್ಬುಟ್ಟ. ಬೆಳಗ್ಗೆ ಎದೆ ನೋವು ಅಂದ, ಆಸ್ಪತ್ರೆಗೆ ಓಗೋ ಅಷ್ಟ್ರಲ್ಲಿ..."

ಹಿತ್ತಲಿಗೆ ಬಂದು ನಿಂತು ಕೇಳಿದೆ.

"ಸಂಜೆ ಎತ್ತುತೀವಿ. ನೀವ್ ಬಂದ್ರೆ ಆ ಕಡೆಯೋರು ಗಲಾಟೆ ತೆಗೀತಾರೆ. ಬರ್ಬ್ಯಾಡಿ ಅಂತಾನೂ ನಾನ್ ಯೋಳಕ್ಕಾಗಲ್ಲ."

ಬರುವುದಿಲ್ಲ ಅಂದೆ. ಯಾರಿಗೂ ಹೇಳಬೇಡ, ಹಬ್ಬ ಕಳೆಯಲಿ ಅಂದೆ. ಅವನು ಏನೋ ಹೇಳಹೊರಟು ಫೋನ್ ಇಟ್ಟ.

ಒಳಗೆ ಬಂದರೆ ಅವ್ವ ಎದುರಿಗೇ ನಿಂತಿದ್ದಳು.

"ಯಾರ್ದೆ ಫೋನು?"

"ಸೊಸೈಟಿಯೋರು."

ಅವ್ವ ಉಸಿರು ಬಿಟ್ಟಳು. ಇಷ್ಟಗಲ ಬಾಳೆಲೆಯಲ್ಲಿ ಮಲ್ಲಿಗೆ ತಂದಿದ್ದಳು. "ಮುಡ್ಕ. ಬೋಳ್ ತಲೇಲಿ ಕೂತು ಬಾಗ್ನ ಕಟ್ಟಬ್ಯಾಡ," ಅಂದಳು. ಯಾವತ್ತೂ ಹೂ ತಂದವಳಲ್ಲ.

ಮುಡಿದುಕೊಂಡೆ. ಇನ್ನೂ ಮೂವತ್ತೆಂಟು ಬಾಕಿ.

ಆಗಸ್ಟ್ 23

ಇಪ್ಪತ್ತು ಕಟ್ಟಿದೆ.

ಅಳು ಬರಲಿಲ್ಲ. ಬರುತ್ತದೇನೋ ಎಂದು ಸ್ವಲ್ಪ ಹೊತ್ತು ಹಸುವಿನ ಹತ್ತಿರ ನಿಂತಿದ್ದೆ.

ಆಗಸ್ಟ್ 24, ಭಾನುವಾರ

ಇವತ್ತು ಹದಿನೆಂಟು. ಆರ್ಡರ್ ಮುಗಿಯಿತು. ಮುಂಚೆ ಆರ್ಡರ್ ಹೇಳದೆ ಬಂದವರು ಬರಿಯ ಮೊರವನ್ನೂ ಒಯ್ಯುತ್ತಿದ್ದಾರೆ. ಚಲುವಮ್ಮನಿಗೆ ಫೋನ್ ಮಾಡಿ ಹೇಳಿದಾಗ ಆ ಕಡೆ ಗಂಡನನ್ನು ಕೂಗಿದ್ದು ಕೇಳಿಸಿತು.

ನಂಬುವವಳಲ್ಲ ನಾನು. ಕೈಗೆ ಶುಭವೂ ಇಲ್ಲ, ಅಶುಭವೂ ಇಲ್ಲ. ಅಕ್ಕಿ, ಬೇಳೆ, ಬಿದಿರು. ಇದನ್ನು ಹನ್ನೊಂದನೇ ತಾರೀಕು ದೇವಿರಮ್ಮನಿಗೆ ಹೇಳಬಹುದಿತ್ತು. ಹೇಳದೆ ತಾಳಿ ಹಾಕಿಕೊಂಡು ಕೂತೆ. ನಂಬುವವರ ನಂಬಿಕೆಯನ್ನು ಇಸಿದುಕೊಂಡ ಮೇಲೆ ನಾನು ನಂಬುವುದಿಲ್ಲ ಅನ್ನುವುದು ಹಾಲಿಗೆ ನೀರು ಬೆರೆಸಿದವರು ಆಡುವ ಮಾತು. ದಿನಾ ಕೇಳುತ್ತೇನೆ.

ಆಗಸ್ಟ್ 25, ಸೋಮವಾರ

ಬೆಳಿಗ್ಗೆ ದೇವಿರಮ್ಮ ರಂಜಿತಳನ್ನು ಕರೆದುಕೊಂಡು ಬಂದರು. ಹುಡುಗಿ ಹೊಸ ಸೀರೆಯಲ್ಲಿ ಸೆಕೆಗೆ ಬೆವರುತ್ತಿದ್ದಳು. "ಅಕ್ಕನ ಕೈಯಿಂದ್ಲೇ ಇಸ್ಕ," ಅಂದರು. ಸೆರಗಿನಲ್ಲಿ ಮೊರ ಹಿಡಿದು ನನ್ನ ಕಾಲಿಗೆ ಬಗ್ಗಿದಳು. ಕಾಲು ಹಿಂದಕ್ಕೆ ಎಳೆದುಕೊಂಡೆ. ನಾಚಿಕೆ ಅಂದುಕೊಂಡು ತಾಯಿ ಮಗಳು ನಕ್ಕರು.

ಹೇಳಬಹುದಿತ್ತು. ಆ ಕ್ಷಣದಲ್ಲೂ. ಸ್ಟೂಲಿನ ಮೇಲೆ ಅವ್ವ ಕೂತಿದ್ದಳು, ಬೆನ್ನು ನೆಟ್ಟಗೆ.

ಸಂಜೆ. ನನ್ನ ಫೋನಿನಲ್ಲಿ ಬ್ಯಾಟರಿ ಇರಲಿಲ್ಲ. ಸೊಸೈಟಿಗೆ ಮಾಡಲು ಅವ್ವನ ಬಟನ್ ಫೋನು ತೆಗೆದುಕೊಂಡೆ. ಕರೆಗಳ ಪಟ್ಟಿ ತೆರೆದುಕೊಂಡಿತು.

ಸಿದ್ದೇಶ. ಆಗಸ್ಟ್ 22, ಒಂಬತ್ತೂ ನಲವತ್ತು. ನನಗೆ ಮಾಡುವುದಕ್ಕಿಂತ ಮೊದಲು. ಮತ್ತೆ ಒಂಬತ್ತೂ ಐವತ್ತೈದಕ್ಕೆ ಇವಳೇ ಅವನಿಗೆ ತಿರುಗಿ ಮಾಡಿದ್ದಾಳೆ.

ಯೋಳ್ಬಾರ್ದು ಅಂತಿದ್ದೆ, ಅಂದಿದ್ದನಲ್ಲ. ಹೇಳಬೇಡ ಅಂದವಳು ಅವ್ವ.

ಆ ಹೆಸರು ಆ ಫೋನಿಗೆ ತುಂಬಿಸಿದ್ದು ನಾನೇ, ಹನ್ನೊಂದು ವರ್ಷದ ಹಿಂದೆ, ರಾಜಿ ಮಾತುಕತೆಗೆ ಅಂತ. ಅವ್ವನಿಗೆ ಓದಲು ಬರುವುದಿಲ್ಲ. ಅಳಿಸಲೂ ಬರುವುದಿಲ್ಲ.

ಅಂದರೆ ಶುಕ್ರವಾರ ಮಲ್ಲಿಗೆ ತಂದಾಗ ಅವಳಿಗೆ ಗೊತ್ತಿತ್ತು. ಮುಚ್ಚಿಟ್ಟದ್ದು ಅಂಗಡಿಗಾಗಿಯೋ ನನಗಾಗಿಯೋ ಎಂದು ಕೇಳಿಕೊಂಡೆ. ಬಿಡಿಸಿ ನೋಡಲು ಆಗಲಿಲ್ಲ. ನನ್ನ ಸುಳ್ಳನ್ನೇ ಹಾಗೆ ಬಿಡಿಸಲು ಆಗಿಲ್ಲ.

ನನಗೆ ಗೊತ್ತಿದೆ ಎಂಬುದು ಅವಳಿಗೆ ಗೊತ್ತಿಲ್ಲ.

ಆಗಸ್ಟ್ 26, ಮಂಗಳವಾರ. ಗೌರಿ

ಸಂಜೆ ಹಾಲು ಮುಗಿಸಿ ಬಂದೆ. ದೇವರ ಮುಂದೆ ಮಣೆ ಹಾಕಿತ್ತು. ಕೂರು ಅಂದಳು. ಒಳಗಿನಿಂದ ಒಂದು ಬಾಗಿನ ತಂದಳು, ತನ್ನ ಎರಡೂ ಕೈಯಲ್ಲಿ.

"ತವರಿಂದು ಕಣವ್ವ. ಇಸ್ಕ."

"ನೀನು ಮುಟ್ಟಿದ್ದೀಯಲ್ಲವ್ವ."

"ಮುಟ್ಟಿವ್ನಿ. ನಿನ್ ಹೆತ್ತಾಗ್ಲೂ ಮುಟ್ಟಿದ್ದೆ. ಇಸ್ಕ ಅಂದ್ರೆ ಇಸ್ಕ."

ಸೆರಗೊಡ್ಡಿದೆ. ದಾರದ ಗಂಟು ಎಲ್ಲೂ ಕಾಣಲಿಲ್ಲ. ಮೊರದ ಅಡಿಯಲ್ಲಿ ಬೆರಳಿಗೆ ಸಿಕ್ಕಿತು. ಒಂದೆಳೆ ಎಳೆದೆ. ಹಸಿರು ಬಳೆ, ಎರಡು ಡಜನ್. ಮುತ್ತೈದೆಗೆ ಕೊಡುವುದರಲ್ಲಿ ಒಂದೂ ಬಿಟ್ಟಿರಲಿಲ್ಲ.

ಅವ್ವ ನನ್ನ ಕೊರಳನ್ನೇ ನೋಡುತ್ತಿದ್ದಳು. ಕಡೆಯ ಸಲ ನೋಡುವ ಹಾಗೆ. ಇವತ್ತೊಂದು ದಿನ ಇರಲಿ, ನಾಳೆಯೋ ನಾಡಿದ್ದೋ ಹೇಳೋಣ ಅಂದುಕೊಂಡಿರಬೇಕು. ಬಳೆ ತೊಟ್ಟುಕೊಂಡೆ. ಅವಳು ಅಡುಗೆಮನೆಗೆ ಹೋಗಿ ಪಾತ್ರೆ ಸದ್ದು ಮಾಡಿದಳು, ತೊಳೆಯಲು ಏನೂ ಇರಲಿಲ್ಲ.

ಆಗಸ್ಟ್ 28, ಗುರುವಾರ. ಬೆಳಿಗ್ಗೆ ಹತ್ತು

ಅಣ್ಣನ ಫೋನು. ನೂರು ಜೊತೆಯಲ್ಲಿ ಎಂಟು ಉಳಿದವು ಅಂದೆ. "ಸರಿ, ನಡುಸ್ಲಿ ಬುಡು," ಅಂದ. ಅವ್ವನಿಗೆ ಹೇಳಿದೆ. ತಲೆಯಾಡಿಸಿದಳು. ಬೆಳಗಿನಿಂದ ಎರಡು ಸಲ ನನಗೇನೋ ಹೇಳಲು ಒಳಗೆ ಬಂದಳು, ಎರಡು ಸಲವೂ ನೀರು ಕುಡಿದು ಅಂಗಡಿಗೆ ಹೋದಳು. ಮೂರನೇ ಸಲ ಬಂದರೆ ನಾನೇ ಮೊದಲು ಹೇಳುವುದು ಎಂದುಕೊಂಡು ಇಲ್ಲಿ ಕೂತಿದ್ದೇನೆ.

ಬೀದಿಯಲ್ಲಿ ದೇವಿರಮ್ಮನ ದನಿ. ಕಿಟಕಿಯಿಂದ ಕಾಣುತ್ತಿದ್ದಾರೆ. ಕೈಯಲ್ಲಿ ರಂಜಿತಳ ಮೊರ. ನಿನ್ನೆ ಗಣೇಶನ ಊಟಕ್ಕೆ ಮಳವಳ್ಳಿಯ ತಮ್ಮ ಬಂದಿದ್ದನಂತೆ.

"ಸುಕ್ರವಾರ ಸತ್ತವ್ನೆ ಅವ್ನು. ಸೋಮವಾರ ನನ್ ಮಗಳ ಸೆರಗ್ಗೆ ಇದ ಹಾಕುದ್ರಿ. ಗೊತ್ತಿತ್ತೋ ಇಲ್ವೋ, ಅಷ್ಟ್ ಯೋಳು ಒಂಬಾಳಕ್ಕ."

"ಗೊತ್ತಿತ್ತು."

"ನಿನ್ ಮಗಳ್ಗೆ?"

"ಅವಳ್ಗೆ ಇನ್ನೂ ಗೊತ್ತಿಲ್ಲ ಕಣೆ. ಗೊತ್ತಿದ್ದೋಳು ನಾನೊಬ್ಳೇ. ಉಗಿಯಂಗಿದ್ರೆ ನನ್ ಮಕಕ್ಕೆ ಉಗಿ. ಅವಳ್ನ ಮಾತ್ರ ಕರೀಬ್ಯಾಡ."

ಇನ್ನೂ ಇಬ್ಬರು ಹೆಂಗಸರು ಬಂದು ನಿಂತರು. ಒಬ್ಬರ ಕೈಯಲ್ಲಿ ಮೊರ ಇದೆ.

ಎದ್ದೆ. ಅಂಗಡಿಯ ಬಾಗಿಲು ದೂಡಿದರೆ ಬರಲಿಲ್ಲ. ಅವ್ವ ಆ ಕಡೆಯಿಂದ ಚಿಲಕ ಹಾಕಿದ್ದಾಳೆ. ತಟ್ಟಿದೆ. ಅವಳು ದನಿ ಏರಿಸಿದಳು, ನನ್ನ ತಟ್ಟುವುದು ಬೀದಿಗೆ ಕೇಳಿಸದ ಹಾಗೆ.

ಬರೆಯುವ ಕೈಯಲ್ಲಿ ಬಳೆ ಸದ್ದು ಮಾಡುತ್ತಿವೆ. ಹಿತ್ತಲ ಬಾಗಿಲು ತೆರೆದಿದೆ. ಚಪ್ಪಲಿ ಮೆಟ್ಟಿದ್ದೇನೆ. ಸುತ್ತಿಕೊಂಡು ಹೋಗಿ, ದೇವಿರಮ್ಮನ ಎದುರು ನಿಂತು, ನನಗೂ ಗೊತ್ತಿತ್ತು ಅಂತ—